ಕಾರಣ: ಹನ್ನೊಂದು ದಿನ

ಲಿಫ್ಟ್ ಇದ್ದೂ ಮೂರು ಮಹಡಿ ಹತ್ತಿ ಬಂದರು ಗುಣಾಜಿ ತಾಂಡೇಲ್.
ಬ್ಯಾಲಾರ್ಡ್ ಎಸ್ಟೇಟಿನ ಈ ಕಟ್ಟಡದಲ್ಲಿ
ಹಡಗಿನ ಸರಕಿಗೆ ಚೀಟಿ ಹೊಡೆಯುತ್ತ
ಇಪ್ಪತ್ತೆರಡು ವರ್ಷ ಕೂತವರು
ನನ್ನ ಮೇಜಿನ ಮುಂದೆ ನಿಂತೇ ಇದ್ದರು.

"ಮೂರು ಸಲ ತಪ್ಪಿತು ಮ್ಯಾಡಮ್, ಒಳಗೆ ಬಿಡಲೊಲ್ಲದು.
ಹೊಸ ಪಾಸ್‌ವರ್ಡ್ ತಲೆಯಲ್ಲಿ ನಿಲ್ಲುವುದಿಲ್ಲ.
ಹಳೆಯದನ್ನೇ ಕೊಡಿ."

ಕೊಡುವಂತಿಲ್ಲ.
ಈ ತಿಂಗಳಿಂದ ನಿಯಮ:
ಬಿಟ್ಟ ಪದಕ್ಕೆ ಮರಳಬೇಕಾದರೆ
ನಡುವೆ ಬೇರೆ ಹನ್ನೆರಡು ಪದ ಬಾಳಿ ಹೋಗಬೇಕು,
ಒಂದೊಂದೂ ಒಂದು ದಿನವಾದರೂ ಬದುಕಬೇಕು.
ಆಡಿಟರ್ ಹೇಳಿದ, ಬರೆದವಳು ನಾನೇ.

ತಾಂಡೇಲ್ ಬೆರಳು ಮಡಿಸಿ ಎಣಿಸಿದರು.
ಹನ್ನೆರಡು ಪದ, ಹನ್ನೆರಡು ದಿನ.
ಮೂವತ್ತೊಂದಕ್ಕೆ ನಿವೃತ್ತಿ,
ಕೈಯಲ್ಲಿ ಉಳಿದದ್ದು ಹನ್ನೊಂದು.
ಮೊದಲು ಅವರು ನಕ್ಕರು, ಆಮೇಲೆ ನಾನು.

ಏನಿತ್ತು ಹಳೆಯದು ಎಂದು ಕೇಳಬಾರದು. ಕೇಳಿಬಿಟ್ಟೆ.
ಬಾಯಿ ತೆರೆದರು, ಹುಡುಕಿದರು, ಮುಚ್ಚಿದರು.
ಕೈ ಮಾತ್ರ ಮೇಜಿನ ಅಂಚಿನಲ್ಲಿ
ಟಕಟಕ ಆಡಿ ನಿಂತಿತು.
"ಇದಕ್ಕೆ ಗೊತ್ತು, ನನಗಲ್ಲ."
ವರ್ಲಿ ಕೋಳಿವಾಡೆಯ ಬಲೆ ಹೆಣೆಯುವ ಮನೆತನದ ಕೈ.
ಗಂಟು ಹಾಕುವಾಗ ಗಂಟನ್ನು ಯಾರು ನೋಡುತ್ತಾರೆ?

ಯಂತ್ರಕ್ಕೂ ಗೊತ್ತಿಲ್ಲ.
ಅದು ಪದವನ್ನು ಬೀಸಿ ಹಿಟ್ಟು ಮಾಡಿಟ್ಟಿದೆ,
ಅಕ್ಕಲಕೋಟೆಯ ನಮ್ಮಪ್ಪನ ಗಿರಣಿಯಲ್ಲಿ
ಹಿಟ್ಟು ತಿರುಗಿ ಜೋಳವಾದದ್ದು ನಾ ಕಾಣೆ.
ಅದೇ ಜೋಳ ತಂದು ಮತ್ತೆ ಸುರಿದರೆ ಮಾತ್ರ
ಬೀಸಿ, ಬೆರಳಲ್ಲಿ ಉಜ್ಜಿ ನೋಡಿ,
"ಇದು ಹಿಂದೊಮ್ಮೆ ಬಂದದ್ದು, ನಡೆ" ಎನ್ನುತ್ತದೆ.
ತಿಳಿಯದೆ ನೆನಪಿಟ್ಟುಕೊಂಡದ್ದು ಅದು,
ನೆನಪಿಲ್ಲದೆ ತಿಳಿದಿದ್ದವರು ಇವರು.
ನಡುವೆ ಸಿಕ್ಕಿಕೊಂಡದ್ದು ನಾನು.

ರೂಟ್ ಆಗಿ ಕೂತೆ.
ಆ ಹೆಸರಿನಲ್ಲಿ ಕೂತರೆ
ಯಾವ ಕಡತವೂ ನನ್ನನ್ನು ಯಾರೆಂದು ಕೇಳುವುದಿಲ್ಲ.
ಹಳೆಯ ಪದಗಳನ್ನು ಹೂತಿಟ್ಟ ಕಡತ ತೆರೆದೆ:
ಅವರ ಹೆಸರು, ಕೋಲನ್, ಒಂದು ಅಂಕಿ, ಮತ್ತೆ ಕೋಲನ್,
ಆಮೇಲೆ ಅರ್ಥವಿಲ್ಲದ ಅಕ್ಷರಗಳ ಉದ್ದ ಬಾಲ.
ಡಿ ಒತ್ತಿದೆ. ಇನ್ನೊಮ್ಮೆ ಡಿ.
ಸಾಲು ಹೋಯಿತು.
ಕೆಳಗಿನದು ಸರಿದು ಆ ಜಾಗದಲ್ಲಿ ಕೂತಿತು,
ಲೋಕಲ್‌ನಲ್ಲಿ ಯಾರೋ ಎದ್ದ ಸೀಟಿಗೆ
ನಾಲ್ಕನೆಯವಳು ಜರುಗಿ ಕೂತ ಹಾಗೆ.
ಮರೆಸುವುದು ಇಷ್ಟು ಹಗುರ ಎಂದಾಗಿದ್ದರೆ
ಬೇರೆ ಕೆಲವು ಸಾಲುಗಳ ಮೇಲೂ
ಯಾವತ್ತೋ ಕರ್ಸರ್ ಇಡುತ್ತಿದ್ದೆ.

ಕೀಬೋರ್ಡ್ ಅವರತ್ತ ತಿರುಗಿಸಿ
ನಾನು ಕಿಟಕಿಯತ್ತ ತಿರುಗಿದೆ.
ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ.
ನಾಲ್ಕು. ಒಂದು ತಡೆ. ಐದು.
ಖಚಿತಪಡಿಸಲು ಇನ್ನೊಮ್ಮೆ:
ನಾಲ್ಕು. ತಡೆ. ಐದು.
"ಆಯಿತು," ಎಂದರು, ಕನ್ನಡಕ ತೆಗೆದು ಒರೆಸಿಕೊಂಡರು,
ಇಳಿಯುವಾಗ ಲಿಫ್ಟ್ ಹತ್ತಿದರು.

ಬದಲಾವಣೆ ಪುಸ್ತಕದಲ್ಲಿ
ಕಾರಣದ ಮನೆ ಖಾಲಿ ಬಿಡುವಂತಿಲ್ಲ.
ಬರೆದೆ: ಹನ್ನೊಂದು ದಿನ.
ಆಡಿಟರ್ ಅದಕ್ಕೆ ಕೆಂಪು ಸುತ್ತು ಹಾಕುತ್ತಾನೆ.
ಹಾಕಲಿ.

ಮೂವತ್ತೊಂದರ ಸಂಜೆ
ಪೇಢೆಯ ಡಬ್ಬಿ ಖಾಲಿಯಾಗಿ, ಶಾಲು ಹೊದಿಸಿ, ಫೋಟೋ ತೆಗೆದು
ಎಲ್ಲರೂ ಚದುರಿದ ಮೇಲೆ
ಅವರ ಖಾತೆಗೆ ಬೀಗ ಹಾಕಿದೆ.
ಆ ಪದ ಇನ್ನು ಯಾವ ಬಾಗಿಲಿನದೂ ಅಲ್ಲ.

ಹಾರ್ಬರ್ ಲೈನಿನಲ್ಲಿ,
ಡಾಕ್‌ಯಾರ್ಡ್ ರೋಡ್ ದಾಟುವಾಗ ನೋಡಿಕೊಂಡೆ:
ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ನನ್ನ ಬೆರಳು
ನಾಲ್ಕು, ತಡೆ, ಐದು.
ತೆರೆಯಲು ಏನೂ ಇರಲಿಲ್ಲ.
ನಮ್ಮ ಡಬ್ಬಿಯ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ.
ಗಾಳಿ ಬಂತು. ರೇ ರೋಡ್ ಬಂತು.
ಕಾಟನ್ ಗ್ರೀನಿನಲ್ಲಿ ಇಳಿದೆ.