ಸಾಲದು

ಫಾರಮ್ಮಿನ ಏಳನೆಯ ಕಲಮು ಕೇಳುತ್ತದೆ:
ಹಿಂದೆ ಯಾರ ಬಳಿ ಸಾಲ ಮಾಡಿದ್ದೀರಿ?
ನೋ ಲಾ ಸೇ ಮಗಳ ಕಡೆ ತಿರುಗುತ್ತಾಳೆ.
ಹನ್ನೆರಡರ ಪೋ ವಾ, ಬೂಟಿನ ಹಿಮ ಇನ್ನೂ ಕರಗಿಲ್ಲ,
ನನ್ನ ಇಂಗ್ಲಿಷನ್ನು ಕರೆನ್ ಮಾಡಿ ಅಮ್ಮನಿಗೆ ಕೊಟ್ಟು
ಅಮ್ಮ ತಲೆಯಾಡಿಸಿದ್ದನ್ನು ಇಂಗ್ಲಿಷ್ ಮಾಡಿ ನನಗೆ ಕೊಡುತ್ತಾಳೆ:
"ಒಂದು ಕಾಸೂ ಇಲ್ಲವಂತೆ. ಯಾರ ಹತ್ತಿರವೂ. ಯಾವತ್ತೂ."
ಹೇಳುವಾಗ ಹುಡುಗಿಯ ಗದ್ದ ಒಂದಿಷ್ಟು ಮೇಲೇರುತ್ತದೆ.

ಹೇಗೆ ಹೇಳಲಿ,
ಈ ಊರಲ್ಲಿ ಅದೇ ತಪ್ಪು ಎಂದು?
ಸಾಲವಿಲ್ಲದಿರುವುದು ಇಲ್ಲಿ ಸಾಲದು.
ಕಂಪ್ಯೂಟರಿಗೆ ಅವಳ ಹೆಸರು ಕೊಟ್ಟೆ.
ಬಡವಳು ಎನ್ನಲಿಲ್ಲ ಅದು, ಮೋಸಗಾತಿ ಎನ್ನಲಿಲ್ಲ,
ಇಂಥವಳು ಇಲ್ಲ ಎಂದಿತು.
ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು
ಇಲ್ಲದ ಹೆಂಗಸು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಬೇಕಾದದ್ದು ಒಂದು ಫ್ರೀಜರು,
ಬಾಗಿಲು ಹಾಕಿದ ಮಾಂಸದಂಗಡಿಯದು, ಸಾವಿರದ ನೂರು ಡಾಲರು.
ಚರ್ಚಿನ ಹಿಂದಿನ ಖಾಲಿ ಸೈಟಿನಲ್ಲಿ ಪುಂಡಿ ಸೊಪ್ಪು ಬೆಳೆಯುತ್ತಾಳೆ.
ಹೌದು, ಯೂಟಿಕಾದಲ್ಲಿ,
ವರ್ಷಕ್ಕೆ ನಾಲ್ಕೇ ತಿಂಗಳು ಮಣ್ಣು ಮೆತ್ತಗಿರುವಲ್ಲಿ.
ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಸಾಕಾಗಿ ಮಿಕ್ಕಿದ್ದು ಕೊಳೆಯುತ್ತದೆ,
ಜನವರಿಯಲ್ಲಿ ಅದೇ ಹುಳಿಗೆ ಅವಳ ಜನ ಬಾಯಿಬಿಡುತ್ತಾರೆ.
ನಡುವಿನ ತಿಂಗಳು ದಾಟಿಸಲು ಒಂದು ಪೆಟ್ಟಿಗೆ.
ಇದಕ್ಕಿಂತ ಚೊಕ್ಕ ಲೆಕ್ಕ ಟೈ ಕಟ್ಟಿದವರೂ ನನಗೆ ತೋರಿಸಿಲ್ಲ.

"ಅಕ್ಕಿಯನ್ನಾದರೂ ಕಡ ತಂದಿದ್ದೀರಾ?" ಎಂದೆ, ಸುಮ್ಮನೆ.
ಅಮ್ಮ ಮಗಳು ಬಹಳ ಹೊತ್ತು ಮಾತಾಡಿಕೊಂಡರು.
ಅಕ್ಕಿ ಬೇರೆಯಂತೆ. ಅದು ಸಾಲವಲ್ಲವಂತೆ.
ಮೇ ಲಾ ಶಿಬಿರದಲ್ಲಿ ಹದಿನೇಳು ವರ್ಷ,
ರೇಷನ್ ಬರುವ ಹಿಂದಿನ ವಾರ ಪಕ್ಕದ ಗುಡಿಸಲಿಂದ ಒಂದು ಡಬ್ಬಿ,
ಬಂದ ಸಂಜೆಯೇ ಗೋಪುರದಳತೆ ವಾಪಸು.
ತಂದಾಗ ಬಿದಿರ ಕಂಬಕ್ಕೆ ಒಂದು ಗೀರು, ಕೊಟ್ಟಾಗ ಅದರ ಮೇಲೊಂದು ಅಡ್ಡ.
ಅಡ್ಡ ಬೀಳದ ಗೀರು ಒಂದೂ ಇಲ್ಲ.
ಆ ಕಂಬ ಈಗ?
ಯಾರೋ ಒಲೆಗೆ ಹಾಕಿರಬಹುದು, ಎಂದಳು ಪೋ ವಾ, ತಾನಾಗಿಯೇ.

ಏಳನೆಯ ಕಲಮಿನಲ್ಲಿ ಕಂಬಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ, ಸಣ್ಣಕ್ಷರದಲ್ಲಿ.
ಕಮಿಟಿಯಲ್ಲೊಬ್ಬರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.
ಇಬ್ಬರು ಹೂಂ, ಒಬ್ಬರು ಉಹೂಂ. ಪಾಸು.

ನಾನೂ ಬಂದವಳೇ. ಸೆನಾದಾ ನನ್ನ ಹೆಸರು,
ಬೋಸ್ನಿಯಾದ ಬ್ಯಾಂಕೊಂದರಲ್ಲಿ ಒಂಬತ್ತು ವರ್ಷ ಸೀಲು ಒತ್ತಿದವಳು
ಇಲ್ಲಿ ಮೊದಲ ಚಳಿಗಾಲ ಆಸ್ಪತ್ರೆಯ ಚಾದರ ಒತ್ತಿದೆ.
ಅವಳಿಗೆ ಹೇಳಲಿಲ್ಲ.
ಸಾಲದ ಮೇಲೆ ಅದೊಂದು ಬಡ್ಡಿ ಯಾಕೆ?

ಕಷ್ಟವಾದದ್ದು ಆಮೇಲೆ.
ಮೊದಲ ಕಂತಿಗೆ ಇನ್ನೂ ಹತ್ತೊಂಬತ್ತು ದಿನ,
ಬಂದಳು, ಒದ್ದೆ ನೋಟು, ಚಿಲ್ಲರೆ, ಎರಡು ಕಂತು ಒಟ್ಟಿಗೆ.
ಮರುವಾರ ಮತ್ತೊಂದು. ನಿದ್ದೆ ಬರುವುದಿಲ್ಲವಂತೆ.
ಬೇಡ, ಎಂದೆ, ತೀರಿಸಿಬಿಡಬೇಡಿ.
ತಿಂಗಳ ಐದಕ್ಕೆ, ಅಷ್ಟಷ್ಟೇ.
ನೀವು ತೀರಿಸುವುದನ್ನು ಅವರು ನಿಧಾನಕ್ಕೆ ನೋಡಬೇಕು.
ಪೋ ವಾ ಅನುವಾದಿಸಲಿಲ್ಲ.
"ಅಮ್ಮನಿಗೆ ನಾಚಿಕೆಯಾಗುತ್ತೆ."
ಋಣಕ್ಕಂಜಿ ಬದುಕಿದವಳಿಗೆ
ಋಣದಲ್ಲಿ ಮಲಗುವುದನ್ನು ಕಲಿಸಿದೆ.
ಸರಿಯೋ ತಪ್ಪೋ, ನನ್ನ ಸಂಬಳ ಅದಕ್ಕೇ.

ಫ್ರೀಜರು ಅವಳ ನೆಲಮಾಳಿಗೆಯಲ್ಲಿ ಗುರುಗುಡುತ್ತದೆ.
ಹೊರಗೆ ಮೈನಸ್ ಹದಿನೆಂಟು, ಒಳಗೆ ದುಡ್ಡು ಕೊಟ್ಟು ಚಳಿ, ಎಂದು ನಕ್ಕಳು.
ಮೇಜಿನ ಮೇಲೆ ಸೊಪ್ಪಿನ ಪೊಟ್ಟಣ ಇಟ್ಟಳು. ನಿಯಮ: ಉಡುಗೊರೆ ಕೂಡದು.
ನಾಲ್ಕು ಡಾಲರು ಕೊಟ್ಟು ರಸೀದಿ ಕೇಳಿದೆ.
ಚೀಟಿಯ ಮೇಲೆ ಒಂದು ಗೀರು. ಅದರ ಮೇಲೊಂದು ಅಡ್ಡ.

ಹದಿನಾಲ್ಕನೆಯ ತಿಂಗಳು ಕಂಪ್ಯೂಟರಿಗೆ ಅವಳು ಕಂಡಳು:
ಆರುನೂರ ಎಪ್ಪತ್ತೊಂದು.
ನನ್ನೆದುರೇ ಮೇ ಲಾಕ್ಕೆ ಫೋನು, ಅಜ್ಜಿಗೆ, ಗಟ್ಟಿ ದನಿಯಲ್ಲಿ ಆ ಸಂಖ್ಯೆ.
ಆ ಕಡೆ ಮೌನ. ಆಮೇಲೊಂದು ಪ್ರಶ್ನೆ.
"ಏನು ಆರುನೂರ ಎಪ್ಪತ್ತೊಂದು ಅಂತ ಕೇಳ್ತಿದಾಳೆ ಅಜ್ಜಿ,
ಡಬ್ಬಿಯಾ?"
ಪೋ ವಾ ನನ್ನ ಕಡೆ ತಿರುಗಿದಳು.