ಒಂಬಾಳೆ, ಹೊಂಬಾಲೆ

ಐದೂವರೆಗೆ ಸಕ್ಕರೆ ಕಾರ್ಖಾನೆಯ ಕೂಗು.
ಅದಕ್ಕೂ ಮೊದಲೇ ಎದ್ದು ನೆಸ್ತಾ ಮಿಸ್ಸು
ಸೀರೆಗೆ ಏಳು ಪಿನ್ನು ಚುಚ್ಚಿಕೊಂಡು
ಹಾಸ್ಟೆಲಿನ ಹಿಂದೆ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದರು.
ಅವರ ದೇವರು ಅಲ್ಲಿಗೇ ಬರುತ್ತಿದ್ದ.
ಬಕೆಟ್ಟು ಹಿಡಿದು ನಾವು ಹೋದರೆ
ಅವರೂ ದೇವರೂ ಒಂದಿಷ್ಟು ಸರಿದು
ಜಾಗ ಬಿಡುತ್ತಿದ್ದರು.

ಗಾಳಿಯ ತುಂಬ ಕಾಕಂಬಿ ವಾಸನೆ.
ಮಂಡ್ಯಕ್ಕೆ ಮೂಗು ಒಗ್ಗಿತು, ನಾಲಿಗೆ ಒಗ್ಗಲಿಲ್ಲ
ಎಂದು ಅವರೇ ನಗುತ್ತಿದ್ದರು.
ಮುದ್ದೆ ಅಗಿಯಬೇಡಿ, ನುಂಗಿ, ನುಂಗಿ ಎಂದು
ಅಡುಗೆಯ ಜ್ಞಾನಸುಂದರಮ್ಮ ಮೂರು ತಿಂಗಳು ಬಡಕೊಂಡರೂ
ಅಗಿದೂ ಅಗಿದೂ ಮೊದಲ ಪೀರಿಯಡ್ಡಿಗೆ ತಡ.

ತಗಡಿನ ಕೋಣೆ, ಮೂವತ್ತನಾಲ್ಕು ಜಡೆ.
ಐ ಆವ್ ಎ ಎನ್ ಇನ್ ಮೈ ಔಸ್ ಎಂದೆವು ಒಕ್ಕೊರಲಿನಲ್ಲಿ.
ಕೋಳಿಯೂ ಇಲ್ಲ, ಮನೆಯೂ ಇಲ್ಲ.
ಮಿಸ್ಸು ಬೋರ್ಡಿಗೆ ಹಣೆ ಒರಗಿಸಿ ನಕ್ಕರು,
ಹಣೆಗೆಲ್ಲ ಸೀಮೆಸುಣ್ಣ.
ನಮ್ಮ ಕಡೆ ಹಾಲು ಆಲು, ಹಸು ಅಸು, ಹುಡುಗಿ ಉಡ್ಗಿ.
ಹ ಅನ್ನೋದು ಶಾನುಭೋಗರ ಮನೆಯ ಬೆಳ್ಳಿ ಲೋಟ,
ನಾವು ಮುಟ್ಟಿದವರಲ್ಲ.

ಅವರು ಮೇಣದ ಬತ್ತಿ ಹಚ್ಚಿ ತಂದರು.
ಬಾಯಿ ಮುಂದೆ ಹಿಡಿ, ಹ ಅನ್ನು, ಉರಿ ಬಾಗಬೇಕು.
ಪುಟ್ಟಹೊನ್ನಿಯ ಉರಿ ಅಲುಗಲಿಲ್ಲ.
ಸಾಕಮ್ಮನದು ಕೆಮ್ಮಿಗೆ ಆರಿತು.
ಹಾಜರಿಯಲ್ಲಿ ನನ್ನ ಹೆಸರು ಬಂದಾಗ ಎರಡು ಕಡೆಯೂ ಸೋಲು:
ನಾನು ಒಂಬಾಳೆ ಅನ್ನುತ್ತಿದ್ದೆ,
ಅವರು ಹೊಂಬಾಲೆ.

ತಿಂಗಳಿಗೊಮ್ಮೆ ಅವರ ಸಂಘದಿಂದ ಒಂದು ಫಾರಂ.
ಈ ತಿಂಗಳು ಎಷ್ಟು ಆತ್ಮಗಳು? ಮುಂದೆ ಒಂದು ಚೌಕ.
ಅವರು ಬರೆದ ಉತ್ತರವನ್ನೇ ನಮಗೆ ಡಿಕ್ಟೇಷನ್ ಕೊಟ್ಟರು:
ಹನ್ನೊಂದು ಮಕ್ಕಳಿಗೆ ಭೂತಕಾಲ ಬಂದಿದೆ.
ಭವಿಷ್ಯತ್ಕಾಲಕ್ಕಾಗಿ ಪ್ರಾರ್ಥಿಸಿರಿ.
ಪ್ರಾರ್ಥನೆಯ ಸ್ಪೆಲ್ಲಿಂಗು ನನ್ನದೊಬ್ಬಳದೇ ಸರಿ.

ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆ.
ಅವರಮ್ಮನಿಗೆ ಬರೆದ ನೀಲಿ ಕಾಗದ
ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದರು.
ಅಂಟು ಒಣಗಿರಲಿಲ್ಲ.
ಅಕ್ಷರವೆಲ್ಲ ನನಗೆ ಗೊತ್ತಿದ್ದವೇ, ಮಾತೊಂದೂ ಗುರುತು ಹತ್ತಲಿಲ್ಲ.
ಎಲ್ ಪಕ್ಕ ಎಲ್, ವೈ ಮೇಲೆ ಡಬ್ಲ್ಯೂ,
ಸಂತೆಯ ಕುರಿಗಳ ಹಾಗೆ ನೂಕಾಡುತ್ತಿದ್ದವು.
ನಡುವೆ ಒಂದು ಕಡೆ ನನ್ನ ಹೆಸರು.
ಮೂರು ವರ್ಷ ಕಲಿತೂ ಇಷ್ಟು ದಡ್ಡಿಯಾ ನಾನು ಎಂದು
ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ.

ರಾತ್ರಿ ಹೇಳಿಬಿಟ್ಟೆ. ಬೈಯಲಿಲ್ಲ.
ಅದು ಇಂಗ್ಲಿಷಲ್ಲ, ನಮ್ಮ ಮನೆ ಮಾತು, ಅಂದರು.
ಅವರ ಅಜ್ಜಿ ಸ್ಕೂಲಿನಲ್ಲಿ ಆ ಮಾತಾಡಿದ್ದಕ್ಕೆ
ಕೊರಳಿಗೆ ಮರದ ತುಂಡು ಕಟ್ಟಿ ನಿಲ್ಲಿಸಿದ್ದರಂತೆ,
ಇಂಗ್ಲಿಷು ಬರಲಿ ಎಂದು.
ನಾನು ಮಿಸ್ಸಿನ ಕೊರಳು ನೋಡಿದೆ.
ಸಣ್ಣ ಶಿಲುಬೆ. ಮರದ್ದು.
ಏನೂ ಕೇಳಲಿಲ್ಲ.

ಕರೆಂಟು ಹೋಯಿತು. ಬತ್ತಿ ಹಚ್ಚಿದರು.
ಆ ಎರಡು ಎಲ್ ಹೇಗೆ ಅನ್ನೋದು, ಮಿಸ್?
ನಾಲಿಗೆಯನ್ನು ಲಕ್ಕೆ ಇಡು, ಅಂದರು,
ಆಮೇಲೆ ಲ ಅನ್ನಬೇಡ, ಉಸಿರು ಬಿಡು,
ಹ ಅಂದ ಹಾಗೆ, ನಾಲಿಗೆಯ ಪಕ್ಕದಿಂದ.
ತಾವೇ ಅಂದು ತೋರಿಸಿದರು.
ಒಣಗಿದ ಕಬ್ಬಿನ ಗರಿಯಲ್ಲಿ ಹಾವು ಹರಿದಂಥ ಸದ್ದು.
ಅವರ ಊರಿನ ಹೆಸರು ಶುರುವಾಗುವುದೇ ಅದರಿಂದಂತೆ.
ಇಲ್ಲಿಗೆ ಬಂದ ಮೇಲೆ ಯಾರ ಮುಂದೆಯೂ ಅಂದಿರಲಿಲ್ಲವಂತೆ.
ನಾನೂ ಇಟ್ಟೆ, ಬಿಟ್ಟೆ, ಎಂಜಲು ಹಾರಿತು.
ಮತ್ತೆ ಬಿಟ್ಟೆ.
ಉರಿ ಬಾಗಿತು, ಬಾಗಿ ಆರಿಯೇ ಹೋಯಿತು.

ಕತ್ತಲಲ್ಲಿ ಅವರ ದನಿ:
ಹೊಂಬಾಲೆ, ಬೆಂಕಿಪೊಟ್ಟಣ ಎಲ್ಲಿ?
ಲೆ ಅಲ್ಲ ಮಿಸ್, ಳೆ. ಹೊಂಬಾಳೆ,
ಎಂದು ನೆಲ ತಡವುತ್ತ ಹೇಳಿದೆ.

ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ
ಸಾಕಮ್ಮ ನನ್ನನ್ನು ಮೇಲೆ ಕೆಳಗೆ ನೋಡಿ,
ಏನಮ್ಮಿ, ರಾತ್ರಿ ಕೇಳಿಸ್ಕಂಡೆ,
ಶಾನ್‌ಬೋಗ್ರ ಮನೆಯೋಳಾಗ್ಬುಟ್ಟಾ? ಅಂದಳು.