ಬಿಲ್ಲಿನ ಬುಡಕ್ಕ

ಬೆಟಗೇರಿ ಪ್ರೆಸ್ಸಿನಾಗ ಮೊಳಿ ಜೋಡಸತಿದ್ದ
ದಾನಪ್ಪಜ್ಜಗ ಕೇಳಿದ್ದೆ:
ಬಿಲ್ಲಿನ ಬುಡಕ್ಕ ಇರಿವಿಹಂಗ ಸಾಲುಗಟ್ಟಿದ
ಚೂ. ಭೂ. ದ್ಯಾ. ಘ್ಯಾ. ಅಂದ್ರ ಏನಜ್ಜಾ?

'ಮರಾಠಿ, ತಂಗಿ. ಚೂಕ ಅಂದ್ರ ತಪ್ಪಿದ್ದು, ಭೂಲ ಅಂದ್ರ ಮರತದ್ದು.
ಹೆಚ್ಚಾಗಿದ್ರ ಹೊಳ್ಳಿ ತಗೋ, ಕಡಿಮಿ ಬಿದ್ರ ಹೊಳ್ಳಿ ಕೊಡು.
ಮುಂಬೈ ಇಲಾಖೆ ಹೋತು, ಈ ನಾಕ ಮೊಳಿ ಉಳದಾವು.'

'ತಪ್ಪಿಲ್ಲದ ಬಿಲ್ಲಿಗೂ?'
ಮಸಿಬೆರಳು ಒರಸಿಕೋತ ನಕ್ಕಿದ್ದ.

ಮಗಳ ಲಗ್ನಪತ್ರಿಕಿ ಅಚ್ಚಾಗಿ ಬಂತು;
'ಸರ್ವರಿಗೂ ಆದರದ ಸ್ವಾಗತ'ದ ಕೆಳಗ ಅವ ನಾಕ ಅಕ್ಷರ.
ತಗಿಯೂದು ಮರತನೋ,
ನಮ್ಮ ಓಣಿ ಸುದ್ದಿ ಅವನ ಕಿವಿಗೂ ಬಿದ್ದಿತ್ತೋ.

ಏಳು ವರ್ಷ ಮಾತು ಬಿಟ್ಟ ನೆಗೆಣ್ಣಿ ಗಂಗಮಾಳವ್ವ
ಪತ್ರಿಕಿ ಹಿಡಕೊಂಡ ಹೊಸ್ತಿಲದಾಗ ನಿಂತಿದ್ದಳು:
'ನಮ್ಮಿಬ್ಬರಾಗ ಕೊಡಾಕಿ ಯಾರ, ತಗೊಳ್ಳಾಕಿ ಯಾರ?'

ಲೆಕ್ಕ ನನಗೂ ನೆನಪಿರಲಿಲ್ಲ.
ಚಾದ ಬೋಗಾಣಿಗೆ ಇನ್ನೊಂದು ಕಪ್ಪು ನೀರು ಸುರದೆ.